ಮಣೆಗೆ ಹಿಡಿದ ಬೂಸ್ಟು

ಮರ ಕೊಯ್ದೆ, ಕೀಸುಳಿ ಹಾಕಿದೆ, ಕೂಡಿಸಿದೆ ಅಂತ ಜಂಬ ಕೊಚ್ಚುವವರನ್ನು ಕಂಡರೆ ನಾನೀಗ ಒಂದೇ ಪ್ರಶ್ನೆ ಕೇಳುತ್ತೇನೆ: "ಪಾಲಿಶ್ ಯಾರು ಮಾಡಿದ್ದು ಸ್ವಾಮೀ?" ಹೆಚ್ಚಿನವರು ಅಲ್ಲಿಗೆ ಮಾತು ಬದಲಿಸುತ್ತಾರೆ. ಕೆಡುವುದೆಲ್ಲ ಅಲ್ಲೇ. ನನ್ನದೂ ಅಲ್ಲೇ ಕೆಟ್ಟಿತು.

ಕಾರ್ಕಳದ ಕಡೆಯ ನಮ್ಮ ಹಳೇ ಮನೆ ಕೆಡವಿದಾಗ ಚಾವಡಿಯ ಎರಡು ಹಲಸಿನ ಹಲಗೆಗಳನ್ನು ಬಸ್ಸಿಗೆ ಹಾಕಿಸಿ ಮಾಜಿವಾಡಾಕ್ಕೆ ತಂದಿದ್ದೆ. ಆ ಮನೆಯದ್ದು ಅಂತ ಉಳಿದದ್ದು ಅಷ್ಟೇ. ಶ್ರಾವಣದಲ್ಲಿ ಮಗಳ ಮದುವೆ. ಧಾರೆಗೆ ಮದುಮಕ್ಕಳು ಕೂರಲು ಆ ಮರದ್ದೇ ಎರಡು ಮಣೆ ಆಗಲಿ ಅಂತ ಆಸೆ. ಭಾನುವಾರಗಳಲ್ಲಿ ಬಾಲ್ಕನಿಯಲ್ಲಿ ಕೂತು ಮಾಡಿದೆ, ಚೆನ್ನಾಗಿಯೇ ಬಂತು. ಪಾಲಿಶ್‌ವಾಲಾ ಕೇಳಿದ ಮಜೂರಿ ಮಾತ್ರ ಜಾಸ್ತಿ ಅನಿಸಿತು. ಬಟ್ಟೆಯಲ್ಲಿ ಒರೆಸುವುದು ತಾನೆ, ಅದೇನು ಮಹಾ? ಅವನು ಹೋಗುವಾಗ "ಬಾರಿಶ್ ಮೇ ಮತ್ ಕರನಾ, ಸಾಬ್" ಅಂದಿದ್ದ. ಕಿವಿಗೆ ಹಾಕಿಕೊಳ್ಳಲಿಲ್ಲ.

ಜುಲೈ ತಿಂಗಳು, ಠಾಣೆಯ ಮಳೆ... ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮೊದಲ ಮಣೆಗೆ ಹಚ್ಚಿದೆ. ಬೆಳಿಗ್ಗೆ ನೋಡಿದರೆ ಮೈಯೆಲ್ಲ ಬೆಳ್ಳಗೆ! "ಎಂಥದ್ದು ಮಾರಾಯ್ರೆ, ಮಣೆಗೆ ಬೂಸ್ಟು ಹಿಡಿದಿದೆಯಲ್ಲ" ಅಂದಳು ಹೆಂಡತಿ. ಬೂಸ್ಟಲ್ಲ. ಸ್ಪಿರಿಟ್ ಆರುವಾಗ ಹಚ್ಚಿದ ಜಾಗ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಅರಗಿನೊಳಗೆ ಸಿಕ್ಕಿಬೀಳುತ್ತದೆ. ಬೇಗ ಆರಲಿ ಅಂತ ನಾನು ಫ್ಯಾನ್ ಬೇರೆ ಹಾಕಿದ್ದೆ. ಅದರ ರೆಕ್ಕೆಯ ಧೂಳೂ ಮಣೆಗೆ ಅಂಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಂದೇ.

ಅರಗಿನ ಸಹವಾಸವೇ ಬೇಡವೆಂದು ಎರಡನೆಯದಕ್ಕೆ ಅಗಸೆ ಎಣ್ಣೆ ತಿಕ್ಕಿದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಾಲ್ಕನಿಯ ಬಕೆಟ್ಟಿಗೆ ಎಸೆದೆ. ರಾತ್ರಿ ಏನೋ ಕಮಟು ವಾಸನೆ. ಬಕೆಟ್ಟಿಗೆ ಕೈ ಹಾಕಿದರೆ ಬಟ್ಟೆ ಮುದ್ದೆ ಸುಡುತ್ತಿದೆ! ಪಕ್ಕದಲ್ಲೇ ಸ್ಪಿರಿಟ್ ಬಾಟಲಿ. ನೀರು ಸುರಿದು ಕೂತವನಿಗೆ ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆಗ ಬಿಸಿ ಹುಟ್ಟುತ್ತದೆ. ಬಟ್ಟೆ ಹರಡಿದ್ದರೆ ಬಿಸಿ ಹೊರಗೆ ಹೋದೀತು, ಮುದ್ದೆಯಾದರೆ ಒಳಗೇ ಏರುತ್ತ ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿ 23ರಂದು 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾ ಹೊತ್ತಿದ್ದು ಇಂಥದೇ ಬಟ್ಟೆಗಳಿಂದ. 22ನೇ ಮಹಡಿಯಲ್ಲಿ ಮರಕ್ಕೆ ಪಾಲಿಶ್ ಮಾಡಿದವರು ಬಿಟ್ಟುಹೋದದ್ದು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ನಾವೂ ಈಗ ಗೋಪುರದಂಥ ಕಟ್ಟಡಗಳಲ್ಲೇ ಇರುವವರು. ಆದ್ದರಿಂದ ಇದೊಂದನ್ನು ನೆನಪಿಡಿ: ಎಣ್ಣೆ ಬಟ್ಟೆಯನ್ನು ಒಂದೊಂದಾಗಿ ಬಿಡಿಸಿ ಹರಡಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕೊನೆಗೆ ತಲೆ ತಗ್ಗಿಸಿ ಅದೇ ಪಾಲಿಶ್‌ವಾಲಾನನ್ನು ಕರೆದೆ. ಅವನು ನಗಲಿಲ್ಲ. ಮಳೆ ಬಿಡುವು ಕೊಟ್ಟ ಒಂದು ಒಣ ಮಧ್ಯಾಹ್ನದವರೆಗೆ ಕಾದ. ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಹಗುರಾಗಿ ಸವರಿದ, ಬಿಳಿ ಮಾಯ! ಧೂಳನ್ನು ಉಪ್ಪುಕಾಗದದಲ್ಲಿ ತೆಗೆದು ಮತ್ತೆ ತೆಳ್ಳಗೆ ಹಚ್ಚಿದ.

ಚನ್ನಪಟ್ಟಣದ ಗೊಂಬೆಗೂ ಹಾಕುವುದು ಅರಗನ್ನೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಹಿಡಿಯುತ್ತದೆ. ಅದನ್ನು ಕಲೆ ಅಂತ ಹೊಗಳಿ ಗೊಂಬೆ ತಂದು ಶೋಕೇಸಿನಲ್ಲಿ ಇಡುತ್ತೇವೆ. ಮನೆಬಾಗಿಲಿಗೆ ಬಂದ ಪಾಲಿಶ್‌ವಾಲಾನ ಹತ್ತಿರ ಮಾತ್ರ ಚೌಕಾಸಿ! ನಾವು ಅವನಿಗೆ ಕೊಡುವುದು ಬಟ್ಟೆ ಒರೆಸಿದ ಕೂಲಿಯಲ್ಲ, ಯಾವಾಗ ಒರೆಸಬಾರದು ಅಂತ ಗೊತ್ತಿರುವುದಕ್ಕೆ.

ಮಗಳ ಧಾರೆ ಆ ಮಣೆಗಳ ಮೇಲೆಯೇ ಆಯಿತು. ಮಜೂರಿ ಅವನು ಮೊದಲು ಹೇಳಿದಷ್ಟೇ ತೆಗೆದುಕೊಂಡ. ಈ ಸಲ ನಾನು ಚೌಕಾಸಿ ಮಾಡಲಿಲ್ಲ.