ವಿಮಾನದ ಪಾಯಿಂಟು: ಹಾರಿದವರಿಗೋ, ಖರ್ಚು ಮಾಡಿದವರಿಗೋ?

ಕಾಸರಗೋಡು: ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಯಾವ ಊರಿಗೆ ಹೋದರೂ ಗಲ್ಫಿನಲ್ಲಿ ಇಪ್ಪತ್ತೈದು, ಮೂವತ್ತು ವರ್ಷ ದುಡಿದು ಬಂದವರೊಬ್ಬರು ಸಿಕ್ಕೇ ಸಿಗುತ್ತಾರೆ. ಎರಡು ವರ್ಷಕ್ಕೊಮ್ಮೆ ರಜೆ, ಹೋಗಿ ಬರುವ ಟಿಕೆಟು ಹೆಚ್ಚಾಗಿ ಕಂಪೆನಿಯದ್ದು. ಮಂಗಳೂರಿನಿಂದ ದುಬೈಗೆ ನೇರ ಲೆಕ್ಕ ಹಾಕಿದರೆ ಸುಮಾರು 2,400 ಕಿ.ಮೀ. ಮೂವತ್ತು ವರ್ಷಗಳಲ್ಲಿ ಹದಿನೈದು ಸಲ ಊರಿಗೆ ಬಂದು ಹೋದವರು ಒಟ್ಟು 72,000 ಕಿ.ಮೀ. ಹಾರಿರುತ್ತಾರೆ. ಎಂದರೆ ಭೂಮಿಗೆ ಒಂದೂ ಮುಕ್ಕಾಲು ಸುತ್ತು ಬಂದ ಹಾಗೆ. ಇಷ್ಟು ಹಾರಿದವರ ಹೆಸರಿನಲ್ಲಿ ಯಾವುದಾದರೂ ವಿಮಾನ ಸಂಸ್ಥೆಯ ಲೆಕ್ಕದಲ್ಲಿ ಒಂದು ಪಾಯಿಂಟಾದರೂ ಇದೆಯೇ ಎಂದು ಕೇಳಿದರೆ ಬಹುತೇಕರ ಉತ್ತರ ‘ಅದೇನದು?’ ಎಂಬ ಮರುಪ್ರಶ್ನೆಯೇ ಆಗಿರುತ್ತದೆ.

ಅದೇ ಮನೆಯ ಮಗಳು ಇಂದು ಕೆನಡಾದಲ್ಲೋ ಇಂಗ್ಲೆಂಡಿನಲ್ಲೋ ನರ್ಸ್ ಆಗಿದ್ದಾಳೆ, ಮಗ ಅಮೆರಿಕದಲ್ಲಿ ಇಂಜಿನಿಯರ್. ಹೆರಿಗೆಗೋ ಮೊಮ್ಮಗನ ನಾಮಕರಣಕ್ಕೋ ಅಪ್ಪ ಅಮ್ಮನಿಗೆ ಟಿಕೆಟು ಬರುತ್ತದೆ. ನಾಲ್ಕು ಗಂಟೆಯ ದುಬೈ ಪ್ರಯಾಣವಾದರೆ ಹೇಗೋ ಕಳೆಯಬಹುದು. ಆದರೆ ಮೊಣಕಾಲು ನೋವಿರುವ ಅರುವತ್ತೈದರ ತಾಯಿ ಹದಿನಾರು ಗಂಟೆ ಒಂದೇ ಕುರ್ಚಿಯಲ್ಲಿ ಮುದುಡಿ ಕೂರುವುದು ಬೇರೆಯೇ ಮಾತು. ಇಂಥ ದೂರದ ಪ್ರಯಾಣದಲ್ಲಿ ಸ್ವಲ್ಪ ಹೆಚ್ಚು ಜಾಗ, ಒಂದು ವಿಶ್ರಾಂತಿ ಕೋಣೆ, ಒಂದು ಹೆಚ್ಚಿನ ಚೀಲ ದೊರಕಿಸಿಕೊಡುವ ಸಾಧನವೆಂದೇ ಈ ಪಾಯಿಂಟುಗಳನ್ನು ಹೇಳಲಾಗುತ್ತದೆ. ಅದು ನಿಜಕ್ಕೂ ಯಾರ ಕೈಗೆ ಸಿಗುತ್ತಿದೆ ಎಂಬುದು ಯೋಚಿಸಬೇಕಾದ ವಿಷಯ.

ಆರಂಭ ಹೇಗಿತ್ತು?

ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ‘ಅಡ್ವಾಂಟೇಜ್’ ಎಂಬ ಯೋಜನೆಯನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆ ‘ಮೈಲೇಜ್ ಪ್ಲಸ್’ ಎಂದು ತನ್ನದೂ ಒಂದನ್ನು ಹೊರಡಿಸಿತು. ಲೆಕ್ಕ ಸರಳವಾಗಿತ್ತು. ಎಷ್ಟು ಮೈಲಿ ಹಾರಿದಿರೋ ಅಷ್ಟು ಮೈಲಿ ನಿಮ್ಮ ಖಾತೆಗೆ ಜಮೆ. ಸಾಕಷ್ಟು ಸೇರಿದ ಮೇಲೆ ಒಂದು ಉಚಿತ ಟಿಕೆಟು ಅಥವಾ ಮೇಲಿನ ದರ್ಜೆಯ ಆಸನ. ನಮ್ಮೂರಿನ ಕಟ್ಟು ಗಿರಾಕಿಗೆ ಅಂಗಡಿಯಾತ ಕಟ್ಟಿಕೊಡುವ ಹೆಚ್ಚಿನ ಬೆಲ್ಲದಚ್ಚಿನ ಹಾಗೆ.

ಈ ಸರಳ ಲೆಕ್ಕ ಕಳೆದ ಹತ್ತು ವರ್ಷಗಳಲ್ಲಿ ತಲೆಕೆಳಗಾಯಿತು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್ ಸಂಸ್ಥೆಗಳು ದೂರದ ಬದಲು ಟಿಕೆಟಿಗೆ ಕೊಟ್ಟ ಹಣವನ್ನು ನೋಡಿ ಪಾಯಿಂಟು ಕೊಡತೊಡಗಿದವು. ನಮ್ಮ ಏರ್ ಇಂಡಿಯಾ 2024ರ ಏಪ್ರಿಲಿನಲ್ಲಿ ತನ್ನ ‘ಫ್ಲೈಯಿಂಗ್ ರಿಟರ್ನ್ಸ್’ ಯೋಜನೆಯನ್ನು ಇದೇ ದಾರಿಗೆ ತಂದಿತು. ಆ ವರ್ಷದ ನವೆಂಬರಿನಲ್ಲಿ ವಿಸ್ತಾರಾ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಸದಸ್ಯರೂ ಇಲ್ಲಿಗೆ ಸೇರಿದರು. 2025ರಲ್ಲಿ ಯೋಜನೆಗೆ ‘ಮಹಾರಾಜ ಕ್ಲಬ್’ ಎಂದು ಹೆಸರಾಯಿತು. ಬ್ರಿಟಿಷ್ ಏರ್‌ವೇಸ್ ಕೂಡ 2025ರ ಏಪ್ರಿಲಿನಿಂದ ತನ್ನ ಸದಸ್ಯರ ದರ್ಜೆಯನ್ನು ಖರ್ಚಿನ ಆಧಾರದಲ್ಲಿ ನಿಗದಿಪಡಿಸುತ್ತಿದೆ.

ಇದರ ಅರ್ಥ ಇಷ್ಟೇ. ಒಂದೇ ವಿಮಾನದಲ್ಲಿ, ಒಂದೇ ದೂರ ಹೋದ ಇಬ್ಬರಲ್ಲಿ ಲಕ್ಷ ರೂಪಾಯಿ ಕೊಟ್ಟವನಿಗೆ ಲಕ್ಷದ ಲೆಕ್ಕ, ಮೂವತ್ತು ಸಾವಿರ ಕೊಟ್ಟವನಿಗೆ ಮೂವತ್ತರ ಲೆಕ್ಕ. ಮೂರು ತಿಂಗಳು ಮೊದಲೇ ಕಾದು ಕುಳಿತು ಅಗ್ಗದ ಟಿಕೆಟು ಹಿಡಿಯುವ ನಮ್ಮ ಜನರ ಜಾಣತನವೇ ಇಲ್ಲಿ ಅವರಿಗೆ ತಿರುಗಿ ಬೀಳುತ್ತದೆ.

ವಿಮಾನಕ್ಕಿಂತ ಬೆಲೆಬಾಳುವ ಪಾಯಿಂಟು

ವಿಮಾನ ಸಂಸ್ಥೆಗಳು ಇದನ್ನು ದಾನವೆಂದು ನಡೆಸುತ್ತಿಲ್ಲ. ಪಾಯಿಂಟುಗಳ ದೊಡ್ಡ ಗಿರಾಕಿ ಪ್ರಯಾಣಿಕನಲ್ಲ, ಬ್ಯಾಂಕು. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದವರಿಗೆ ಕೊಡಲೆಂದು ಬ್ಯಾಂಕುಗಳು ವಿಮಾನ ಸಂಸ್ಥೆಗಳಿಂದ ಪಾಯಿಂಟುಗಳನ್ನು ಹಣ ಕೊಟ್ಟು ಖರೀದಿಸುತ್ತವೆ. 2024ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಕಂಪೆನಿಯೊಂದರಿಂದಲೇ ಡೆಲ್ಟಾಕ್ಕೆ ಬಂದದ್ದು ಸುಮಾರು 740 ಕೋಟಿ ಡಾಲರ್. 2020ರ ಕೊರೊನಾ ಕಾಲದಲ್ಲಿ ವಿಮಾನಗಳೆಲ್ಲ ನೆಲ ಹಿಡಿದಿದ್ದಾಗ ಯುನೈಟೆಡ್ ಸಂಸ್ಥೆ ತನ್ನ ಪಾಯಿಂಟು ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಡೆಲ್ಟಾ ಅದೇ ರೀತಿ 900 ಕೋಟಿ ಡಾಲರ್ ಎತ್ತಿತು. ಹಾರದ ವಿಮಾನಕ್ಕೆ ಸಾಲ ಹುಟ್ಟುವುದು ಕಷ್ಟವಾದಾಗ ಪಾಯಿಂಟಿನ ಪುಸ್ತಕಕ್ಕೆ ಸಾಲ ಹುಟ್ಟಿತು ಎಂಬುದನ್ನು ಗಮನಿಸಬೇಕು.

ಆದ್ದರಿಂದ ಇಂದು ಹೆಚ್ಚು ಪಾಯಿಂಟು ಗಳಿಸುವವನು ಹೆಚ್ಚು ಹಾರುವವನೇ ಆಗಬೇಕಿಲ್ಲ. ಕಾರ್ಡಿನಲ್ಲಿ ಹೆಚ್ಚು ಖರ್ಚು ಮಾಡುವವನು ನೆಲದ ಮೇಲೆ ಕುಳಿತೇ ಗಳಿಸುತ್ತಾನೆ. ಪಾಯಿಂಟುಗಳ ನಾಣ್ಯವನ್ನು ಅಚ್ಚು ಹಾಕುವುದು ವಿಮಾನ ಸಂಸ್ಥೆ, ಅದರ ಬೆಲೆ ಇಳಿಸುವುದೂ ಅದೇ ಸಂಸ್ಥೆ. ನಿನ್ನೆ ನಲವತ್ತು ಸಾವಿರ ಪಾಯಿಂಟಿಗೆ ಸಿಗುತ್ತಿದ್ದ ಆಸನ ನಾಳೆ ಅರುವತ್ತು ಸಾವಿರವಾದರೆ ಕೇಳುವವರು ಯಾರು? ಅಮೆರಿಕದ ಸಾರಿಗೆ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ನಾಲ್ಕು ದೊಡ್ಡ ವಿಮಾನ ಸಂಸ್ಥೆಗಳಿಂದ ಈ ಬಗ್ಗೆಯೇ ವಿವರಣೆ ಕೇಳಿತ್ತು.

ನಮ್ಮ ನಿಲ್ದಾಣಗಳ ಸ್ಥಿತಿ

ಗಡಿಭಾಗದವರಿಗೆ ಇನ್ನೊಂದು ತೊಡಕು ಇದೆ. ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು. ವಿದೇಶಿ ವಿಮಾನ ಸಂಸ್ಥೆಗಳು ಬಂದಿಳಿಯಲು ಬೇಕಾದ ಅನುಮತಿಗಾಗಿ ಕಣ್ಣೂರು ವರ್ಷಗಟ್ಟಲೆ ಕಾದಿದೆ. ಮಂಗಳೂರಿನಿಂದ ಗಲ್ಫಿಗೆ 2006ರಲ್ಲಿ ನೇರ ಹಾರಾಟ ಶುರುವಾದಾಗಿನಿಂದಲೂ ಮುಖ್ಯ ಆಸರೆಯಾಗಿರುವುದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಂಥ ಅಗ್ಗದ ದರದ ಸೇವೆ. ಅಗ್ಗದ ಸೇವೆಯಲ್ಲಿ ಊಟ, ಆಸನದ ಆಯ್ಕೆ, ಹೆಚ್ಚಿನ ಚೀಲ ಎಲ್ಲಕ್ಕೂ ಬೇರೆ ಬೇರೆ ದರ. ಅಲ್ಲಿ ಪಾಯಿಂಟಿನ ಮಾತು ಹಿಂದಿನಿಂದಲೂ ಕಡಿಮೆಯೇ. ಇಂಡಿಗೋ ಕೂಡ ‘ಬ್ಲೂಚಿಪ್’ ಎಂಬ ಯೋಜನೆಯನ್ನು ತಂದದ್ದು 2024ರಲ್ಲಷ್ಟೇ. ಹೀಗಾಗಿ ಗಲ್ಫಿನ ಮೂವತ್ತು ವರ್ಷದ ಓಡಾಟ ಲೆಕ್ಕಕ್ಕೆ ಬರುವುದಿಲ್ಲ. ದೂರದ ದೇಶಗಳಿಗೆ ಹೋಗುವವರ ಲೆಕ್ಕ ಬೆಂಗಳೂರು, ಕೊಚ್ಚಿ ಅಥವಾ ಮುಂಬೈಯಿಂದ ಆರಂಭವಾಗುತ್ತದೆ.

ಇದರ ಮೇಲೆ 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ವಾಯುಮಾರ್ಗವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಏರ್ ಇಂಡಿಯಾದ ಯುರೋಪ್, ಅಮೆರಿಕ ಹಾರಾಟಗಳು ಸುತ್ತು ದಾರಿ ಹಿಡಿದು ಇನ್ನಷ್ಟು ಉದ್ದವಾದವು. ಇಕಾನಮಿ ದರ್ಜೆಯಲ್ಲಿ ಒಂದು ಆಸನದಿಂದ ಮುಂದಿನ ಆಸನಕ್ಕೆ ಇರುವ ಅಂತರ ಸಾಮಾನ್ಯವಾಗಿ 31-32 ಇಂಚು. ಪ್ರೀಮಿಯಂ ಇಕಾನಮಿಯಲ್ಲಿ 38ರಿಂದ 40 ಇಂಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ವಿಮಾನದಲ್ಲಿ ಆ ಏಳೆಂಟು ಇಂಚಿಗೇ ಸಾವಿರಾರು ರೂಪಾಯಿ.

ಸಾಮಾನ್ಯ ಪ್ರಯಾಣಿಕ ಮಾಡಬಹುದಾದದ್ದು

ಹಾಗೆಂದು ಇದು ಶ್ರೀಮಂತರ ಆಟ ಎಂದು ಕೈಬಿಡುವುದೂ ಸರಿಯಲ್ಲ. ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುವ ಜನ ನಾವು. ಖರ್ಚಾಗುವ ಹಣ ಹೇಗೂ ಖರ್ಚಾಗುತ್ತದೆ, ಅದಕ್ಕೆ ಬರಬೇಕಾದದ್ದು ಬರಲಿ.

ಮೊದಲನೆಯದಾಗಿ, ಟಿಕೆಟಿನ ಹಣ ಯಾರೇ ಕೊಡಲಿ, ಪಾಯಿಂಟು ಸೇರುವುದು ಸಾಮಾನ್ಯವಾಗಿ ಹಾರಿದ ವ್ಯಕ್ತಿಯ ಖಾತೆಗೆ. ಕಂಪೆನಿ ಕೊಟ್ಟ ಟಿಕೆಟಾದರೂ, ಮಗ ಕಳುಹಿಸಿದ ಟಿಕೆಟಾದರೂ ಅಷ್ಟೇ. ಸದಸ್ಯರಾಗಲು ಶುಲ್ಕವಿಲ್ಲ. ಆದರೆ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ಮನೆ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬರೆದರೆ ಪಾಯಿಂಟು ಸೇರದೆ ಹೋಗಬಹುದು. ಬಿಟ್ಟುಹೋದದ್ದನ್ನು ಕೆಲವು ತಿಂಗಳೊಳಗೆ ಕೇಳಿ ಪಡೆಯಲು ಅವಕಾಶವಿರುತ್ತದೆ, ಅದಕ್ಕಾಗಿ ಬೋರ್ಡಿಂಗ್ ಪಾಸನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಏಜೆಂಟರು ಗುಂಪಿನ ದರದಲ್ಲಿ ತೆಗೆದ ಟಿಕೆಟಿಗೆ ಹಲವು ಬಾರಿ ಪಾಯಿಂಟು ಇರುವುದಿಲ್ಲ. ಇದನ್ನು ಟಿಕೆಟು ತೆಗೆಯುವ ಮೊದಲೇ ಕೇಳಬೇಕು.

ಎರಡನೆಯದಾಗಿ, ನಾಲ್ಕು ಕಡೆ ಚೆಲ್ಲುವ ಬದಲು ಒಂದೇ ಕಡೆ ಕೂಡಿಡುವುದು ಲಾಭ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಎಂಬ ಕೂಟದಲ್ಲಿದೆ. ಲುಫ್ತಾನ್ಸಾ, ಸಿಂಗಾಪುರ, ಯುನೈಟೆಡ್ ಸಂಸ್ಥೆಗಳೂ ಅದೇ ಕೂಟದವು. ಲುಫ್ತಾನ್ಸಾದಲ್ಲಿ ಹೋದವರು ಪಾಯಿಂಟನ್ನು ಏರ್ ಇಂಡಿಯಾದ ಖಾತೆಗೆ ಹಾಕಿಸಬಹುದು. ಕತಾರ್ ಮತ್ತು ಬ್ರಿಟಿಷ್ ಏರ್‌ವೇಸ್ ‘ಒನ್‌ವರ್ಲ್ಡ್’ ಕೂಟದವು, ಎರಡರದ್ದೂ ‘ಏವಿಯೋಸ್’ ಎಂಬ ಒಂದೇ ನಾಣ್ಯ. ಎಮಿರೇಟ್ಸ್ ಈ ದೊಡ್ಡ ಕೂಟಗಳಲ್ಲಿ ಇಲ್ಲ, ಆದರೆ ಒಂದು ಕುಟುಂಬದವರು ತಮ್ಮ ಮೈಲಿಗಳನ್ನು ಒಟ್ಟುಗೂಡಿಸುವ ಅವಕಾಶವನ್ನು ಅದು ಕೊಟ್ಟಿದೆ. ಎರಡು ವರ್ಷಕ್ಕೊಮ್ಮೆ ಹಾರುವವರಿಗೆ ಇದು ಮುಖ್ಯ. ಏಕೆಂದರೆ ಒಬ್ಬರದ್ದೇ ಆದರೆ ಸಾಕಷ್ಟು ಸೇರುವ ಮೊದಲೇ ಅವಧಿ ಮುಗಿದುಹೋಗುತ್ತದೆ. ಎಮಿರೇಟ್ಸಿನ ಮೈಲಿಗಳ ಆಯುಸ್ಸು ಸುಮಾರು ಮೂರು ವರ್ಷ.

ಮೂರನೆಯದಾಗಿ, ‘ಉಚಿತ ಟಿಕೆಟು’ ಪೂರ್ತಿ ಉಚಿತವಲ್ಲ. ತೆರಿಗೆ ಮತ್ತು ಇತರ ಶುಲ್ಕಗಳನ್ನು ಕೈಯಿಂದ ಕಟ್ಟಬೇಕು. ಉದಾಹರಣೆಗೆ, 40,000 ರೂಪಾಯಿಯ ಟಿಕೆಟಿಗೆ 35,000 ಪಾಯಿಂಟು ಕೊಟ್ಟು ಮೇಲೆ 12,000 ರೂಪಾಯಿ ಕಟ್ಟಬೇಕಾದರೆ ಉಳಿದದ್ದು 28,000 ರೂಪಾಯಿ. ಅಂದರೆ ಒಂದು ಪಾಯಿಂಟಿಗೆ ಬಿದ್ದ ಬೆಲೆ 80 ಪೈಸೆ. ಈ ಲೆಕ್ಕ ಹಾಕದೆ ಪಾಯಿಂಟು ಬಳಸಬಾರದು. ಹಲವು ಬಾರಿ ಇಕಾನಮಿಯ ಉಚಿತ ಟಿಕೆಟಿಗಿಂತ, ಕೈಯಲ್ಲಿರುವ ಟಿಕೆಟನ್ನು ಮೇಲಿನ ದರ್ಜೆಗೆ ಏರಿಸಿಕೊಳ್ಳಲು ಬಳಸಿದರೆ ಹೆಚ್ಚು ಲಾಭ. ಆದರೆ ಅತಿ ಅಗ್ಗದ ಟಿಕೆಟಿಗೆ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ.

ನಾಲ್ಕನೆಯದಾಗಿ, ಪಾಯಿಂಟೇ ಬೇಕಿಲ್ಲದ ಸೌಕರ್ಯಗಳಿವೆ. ನಡೆಯಲು ಕಷ್ಟವಿರುವ ಹಿರಿಯರಿಗೆ ಗಾಲಿಕುರ್ಚಿಯ ನೆರವು ಹಕ್ಕು, ಟಿಕೆಟು ತೆಗೆಯುವಾಗಲೇ ಹೇಳಿದರೆ ಸಾಕು. ಊರಿನ ನಿಲ್ದಾಣದಿಂದ ಕೊನೆಯ ನಿಲ್ದಾಣದವರೆಗೆ ಒಂದೇ ಟಿಕೆಟಿನಲ್ಲಿ ಹೋಗುವಂತೆ ನೋಡಿಕೊಂಡರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಮುಂದಿನ ದಾರಿ ತೋರಿಸುವ ಹೊಣೆ ಸಂಸ್ಥೆಯದ್ದು. ಸಾವಿರ ರೂಪಾಯಿ ಉಳಿಸಲು ಎರಡು ಬೇರೆ ಬೇರೆ ಟಿಕೆಟು ತೆಗೆದು, ಇಂಗ್ಲಿಷ್ ಬಾರದ ತಂದೆ ತಾಯಿಯನ್ನು ನಡುದಾರಿಯಲ್ಲಿ ಚೀಲ ಎತ್ತಿಕೊಂಡು ಓಡುವಂತೆ ಮಾಡುವುದು ಉಳಿತಾಯವಲ್ಲ.

ಎಚ್ಚರದ ಮಾತು

ಪಾಯಿಂಟಿನ ಆಸೆಗೆ ಕ್ರೆಡಿಟ್ ಕಾರ್ಡು ಹಿಡಿಯುವವರ ಸಂಖ್ಯೆ ಹಳ್ಳಿಗಳಲ್ಲೂ ಹೆಚ್ಚುತ್ತಿದೆ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ. 3ರಿಂದ 3.75ರವರೆಗೂ ಬಡ್ಡಿ ಬೀಳುವ ಕಾರ್ಡುಗಳು ಸಾಮಾನ್ಯ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 36ರಿಂದ 45. ಇಂಥ ಬಡ್ಡಿಗೆ ಗ್ರಾಹಕ ಆಯೋಗ 2008ರಲ್ಲಿ ಹಾಕಿದ್ದ ಶೇ. 30ರ ಮಿತಿಯನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದುಪಡಿಸಿದೆ. ಎಂಬತ್ತು ಪೈಸೆಯ ಪಾಯಿಂಟಿಗಾಗಿ ಇಂಥ ಬಡ್ಡಿ ತೆರುವುದು ಬುದ್ಧಿವಂತಿಕೆಯಲ್ಲ. ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬಲ್ಲವರಿಗೆ ಮಾತ್ರ ಈ ದಾರಿ.

‘ನಿಮ್ಮ ಪಾಯಿಂಟು ಇಂದೇ ಮುಗಿಯುತ್ತದೆ, ಇಲ್ಲಿ ಒತ್ತಿರಿ’ ಎಂದು ಮೊಬೈಲಿಗೆ ಬರುವ ಸಂದೇಶಗಳಿಂದ ಬ್ಯಾಂಕು ಖಾತೆ ಬರಿದು ಮಾಡಿಕೊಂಡವರೂ ಇದ್ದಾರೆ. ಅಂಥದ್ದೇನಾದರೂ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಪಾಯಿಂಟನ್ನು ಚಿನ್ನದಂತೆ ಕಪಾಟಿನಲ್ಲಿ ಇಡುವುದೂ ತಪ್ಪು. 2012ರಲ್ಲಿ ಕಿಂಗ್‌ಫಿಶರ್ ನೆಲಕಚ್ಚಿದಾಗ, 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತುಹೋದಾಗ, ವರ್ಷಗಟ್ಟಲೆ ಕೂಡಿಟ್ಟವರು ಆ ವಿಮಾನಗಳಲ್ಲಿ ಹಾರುವ ಕನಸನ್ನು ಬಿಡಬೇಕಾಯಿತು. ಜೆಟ್‌ನ ಯೋಜನೆ ಬೇರೆ ಕಂಪೆನಿಯಾಗಿದ್ದರಿಂದ ‘ಇಂಟರ್‌ಮೈಲ್ಸ್’ ಎಂಬ ಹೆಸರಿನಲ್ಲಿ ಮುಂದುವರಿಯಿತು, ಆದರೆ ಹಾರಲು ಜೆಟ್ ಇರಲಿಲ್ಲ.

ಆಗಬೇಕಾದದ್ದು

ಈ ಯೋಜನೆಗಳ ಷರತ್ತುಗಳು ಪುಟಗಟ್ಟಲೆ ಇಂಗ್ಲಿಷಿನಲ್ಲಿವೆ. ಮನೆಯಲ್ಲಿ ತುಳುವೋ ಕನ್ನಡವೋ, ಕಚೇರಿಯಲ್ಲಿ ಮಲಯಾಳ, ಕೆಲಸದ ಜಾಗದಲ್ಲಿ ಹಿಂದಿ, ಅರಬಿ ಮಾತಾಡುವ ಗಡಿನಾಡಿನ ಪ್ರಯಾಣಿಕನಿಗೆ ಅವು ತಲುಪುವುದೇ ಇಲ್ಲ. ಪ್ರವಾಸಿ ಮಲಯಾಳಿಗಳಿಗಾಗಿ ಕೇರಳ ಸರಕಾರ ನೋರ್ಕಾ ರೂಟ್ಸ್ ಸಂಸ್ಥೆಯನ್ನು ನಡೆಸುತ್ತಿದೆ. ವಿದೇಶಕ್ಕೆ ಹೊರಟವರಿಗೆ ವೀಸಾ, ಉದ್ಯೋಗದ ಬಗ್ಗೆ ಕೊಡುವ ತಿಳಿವಳಿಕೆಯ ಜೊತೆ ಟಿಕೆಟಿನ ಹಕ್ಕುಗಳ ಬಗ್ಗೆಯೂ ಒಂದು ಪುಟವನ್ನು ಕನ್ನಡದಲ್ಲಿ ಹೊರತಂದರೆ ಕಾಸರಗೋಡಿನವರಿಗೆ ಉಪಕಾರವಾದೀತು. ಗಲ್ಫಿನ ಕನ್ನಡ ಸಂಘಗಳೂ ವರ್ಷದ ಒಂದು ಸಭೆಯಲ್ಲಿ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಬಹುದು. ಪಾಯಿಂಟಿನ ಬೆಲೆಯನ್ನು ಮುನ್ಸೂಚನೆಯಿಲ್ಲದೆ ಇಳಿಸಬಾರದೆಂಬ ನಿಯಮ ನಮ್ಮ ದೇಶದಲ್ಲೂ ಬರಬೇಕು.

ಅಲ್ಲಿಯವರೆಗೆ ಮುಂದಿನ ಸಲ ಟಿಕೆಟು ತೆಗೆಯುವಾಗ ಏಜೆಂಟರಲ್ಲಿ ‘ಇದಕ್ಕೆ ಪಾಯಿಂಟು ಇದೆಯೇ, ಯಾರ ಹೆಸರಿಗೆ?’ ಎಂದು ಕೇಳಿದರೂ ಸಾಕು. ಮೂವತ್ತು ವರ್ಷ ಹಾರಿದ ಅಪ್ಪನಿಗೆ ಸಿಗದೆ ಹೋದದ್ದು, ಮೊಮ್ಮಗುವನ್ನು ನೋಡಲು ಹೊರಟ ಅಮ್ಮನಿಗಾದರೂ ಕಾಲು ಚಾಚುವಷ್ಟು ಜಾಗವಾಗಿ ಸಿಗಬಹುದು.