ಯಾತ್ರಾಪಥ: ಕೇದಾರದ ಹಿಮದ ಹಾದಿ



ಮೆಣಸಿನಕಾಯಿಯ ಸುಗ್ಗಿ ಮುಗಿದು ಬ್ಯಾಡಗಿ ಪೇಟೆಯ ಘಾಟು ತುಸು ತಗ್ಗಿದೊಡನೆ ನಮ್ಮ ಕಡೆಯ ಮನೆಗಳಲ್ಲಿ ಯಾತ್ರೆಯ ಮಾತು ಮೊದಲಾಗುತ್ತದೆ. ಶ್ರೀಶೈಲ, ಕಾಶಿಗಳನ್ನು ಕಂಡು ಬಂದ ಹಿರಿಯರ ಮನದಲ್ಲಿ ಕೊನೆಗೆ ಉಳಿಯುವುದು ಕೇದಾರ. ಪಂಚಪೀಠಗಳಲ್ಲಿ ಒಂದಾದ ಆ ಕ್ಷೇತ್ರಕ್ಕೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ಅಲ್ಲಿಯ ರಾವಲರು ಪರಂಪರೆಯಿಂದ ದಕ್ಷಿಣದ ವೀರಶೈವ ಜಂಗಮ ಮನೆತನದವರು. ಆದುದರಿಂದ ಕೇದಾರವೆಂದರೆ ನಮಗೆ ದೂರದ ಊರಾದರೂ ಪರರ ಊರಲ್ಲ.

ಆದರೆ ಕೇದಾರಕ್ಕೆ ಹೋದವರಲ್ಲಿ ಅನೇಕರು ಗರ್ಭಗುಡಿಯನ್ನು ಕಂಡು ಹಿಂದಿರುಗುತ್ತಾರೆಯೇ ಹೊರತು ಅದರ ಬೆನ್ನಿಗಿರುವ ಹಿಮವನ್ನು ನೋಡಿ ಬರುವುದಿಲ್ಲ. ಆ ಹಿಮವನ್ನು ಅರಿಯದೆ ಅಲ್ಲಿಗೆ ಹೋಗುವುದು ಹಿತವಲ್ಲವೆಂಬುದೇ ಈ ತಿಂಗಳ ನಿವೇದನೆ.

ಹೃಷೀಕೇಶದಿಂದ ರುದ್ರಪ್ರಯಾಗಕ್ಕೆ ಬಂದರೆ ಅಲಕನಂದೆ ಮತ್ತು ಮಂದಾಕಿನಿಯರ ಸಂಗಮ. ಅಲ್ಲಿಂದ ಮಂದಾಕಿನಿಯ ಜಾಡು ಹಿಡಿದು ಗುಪ್ತಕಾಶಿ, ಸೋನ್‌ಪ್ರಯಾಗಗಳನ್ನು ದಾಟಿ 1,982 ಮೀಟರ್ ಎತ್ತರದ ಗೌರೀಕುಂಡವನ್ನು ಸೇರಬೇಕು. ಅಲ್ಲಿ ಬಿಸಿನೀರಿನ ಬುಗ್ಗೆಯಿದೆ. ಬಿಸಿನೀರೆಂದೊಡನೆ ಕೆಳಗೆ ಜ್ವಾಲಾಮುಖಿ ಇರಬೇಕೆಂದು ಭಾವಿಸುವವರುಂಟು. ಆದರೆ ಈ ಭಾಗದಲ್ಲಿ ಜ್ವಾಲಾಮುಖಿಯಿಲ್ಲ. ಮಳೆಯ ನೀರು, ಕರಗಿದ ಹಿಮದ ನೀರು ಬಂಡೆಯ ಬಿರುಕುಗಳಲ್ಲಿ ಬಹು ಆಳಕ್ಕಿಳಿದು, ಭೂಗರ್ಭದ ಕಾವಿಗೆ ಬಿಸಿಯಾಗಿ ಮತ್ತೆ ಮೇಲೇಳುತ್ತದೆ. ಜ್ವಾಲಾಮುಖಿಯ ಕಲ್ಲನ್ನೇ ನೋಡಬೇಕೆನ್ನುವವರು ನಮ್ಮ ವಿಜಯಪುರದ ಕಡೆಗೆ ಹೋದರೆ ಸಾಕು. ಅಲ್ಲಿಯ ಕಪ್ಪು ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ.

ಗೌರೀಕುಂಡದಿಂದ ದೇವಾಲಯಕ್ಕೆ ಸುಮಾರು 16 ಕಿಲೋಮೀಟರ್ ಕಾಲುಹಾದಿ. ಓಕ್ ಮರಗಳ ಕಾಡು, ಕೆಂಪು ಹೂ ಬಿಡುವ ಬುರಾಂಶ್ ಗಿಡಗಳು, ಪಕ್ಕದಲ್ಲಿ ಭೋರ್ಗರೆಯುವ ಮಂದಾಕಿನಿ; ಜಂಗಲ್ ಚಟ್ಟಿ, ಭೀಮಬಲಿ, ಲಿಂಚೋಲಿಗಳನ್ನು ದಾಟುತ್ತ ಹೋದಂತೆ ಮರಗಳು ವಿರಳವಾಗಿ, ಹುಲ್ಲು, ಬಂಡೆ ಮತ್ತು ಹಿಮ ಮಾತ್ರ ಉಳಿಯುತ್ತವೆ. ದೇವಾಲಯವಿರುವುದು 3,583 ಮೀಟರ್ ಎತ್ತರದಲ್ಲಿ. ಅದರ ಹಿಂದೆ 6,940 ಮೀಟರ್ ಎತ್ತರದ ಕೇದಾರನಾಥ ಶಿಖರ ಬೆಳ್ಳಗೆ ನಿಂತಿದೆ. ಶಿಖರದ ಮಗ್ಗುಲಿನಿಂದ ಇಳಿದು ಬರುವ ಚೋರಾಬಾರಿ ಹಿಮನದಿಯೇ ಮಂದಾಕಿನಿಯ ತವರು. ಹಿಮನದಿಯೆಂದರೆ ಕದಲದೆ ಬಿದ್ದಿರುವ ಮಂಜುಗಡ್ಡೆಯಲ್ಲ. ಅದು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರುತ್ತ, ಬೆಟ್ಟವನ್ನು ಉಜ್ಜಿ, ಕಲ್ಲುಮಣ್ಣನ್ನು ಹೊತ್ತು ತಂದು ದಿಬ್ಬವಾಗಿ ಒಟ್ಟುತ್ತದೆ. ಕೇದಾರದ ಬಯಲೇ ಅಂತಹ ರಾಶಿಯ ಮೇಲಿದೆ.

ದೇವಾಲಯದಿಂದ ಮೇಲಕ್ಕೆ ಮೂರು ಕಿಲೋಮೀಟರಿನೊಳಗೆ ಚೋರಾಬಾರಿ ಸರೋವರವಿತ್ತು. 1948ರಲ್ಲಿ ಮಹಾತ್ಮರ ಚಿತಾಭಸ್ಮವನ್ನು ಅಲ್ಲಿ ವಿಸರ್ಜಿಸಿದ್ದರಿಂದ ಅದಕ್ಕೆ ಗಾಂಧಿ ಸರೋವರವೆಂಬ ಹೆಸರೂ ಬಂದಿತು. ನಮ್ಮ ಕಡೆಯ ಕೆರೆಗಳಿಗೆ ಕಟ್ಟಿದ ಏರಿ, ತೂಬು, ಹೆಚ್ಚಾದ ನೀರು ಹರಿದುಹೋಗಲು ಕೋಡಿ ಇರುತ್ತವೆ. ಆ ಸರೋವರಕ್ಕೆ ಇವಾವುವೂ ಇರಲಿಲ್ಲ. ಹಿಮನದಿ ಒಟ್ಟಿದ ಸಡಿಲ ದಿಬ್ಬವೇ ಅದರ ಏರಿ. 2013ರ ಜೂನ್ ನಡುವಿನಲ್ಲಿ ಹಿಮನದಿಯ ಬಳಿ ಒಂದೇ ದಿನದಲ್ಲಿ ಸುಮಾರು 325 ಮಿಲಿಮೀಟರ್ ಮಳೆ ಸುರಿಯಿತು. ಕರಗಿದ ಹಿಮದ ನೀರೂ ಕೂಡಿತು. ಜೂನ್ 17ರ ಬೆಳಿಗ್ಗೆ ದಿಬ್ಬ ಒಡೆದು ಸರೋವರ ಕೆಲವೇ ನಿಮಿಷಗಳಲ್ಲಿ ಬರಿದಾಯಿತು. ಆ ಪ್ರಳಯದಲ್ಲಿ ದಾರಿಯ ರಾಂಬಾರಾ ಎಂಬ ತಂಗುದಾಣವೇ ಅಳಿಸಿಹೋಯಿತು. ಉತ್ತರಾಖಂಡದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಗುಡಿಯ ಬೆನ್ನಿಗೆ ಬಂದು ನಿಂತ ದೊಡ್ಡ ಬಂಡೆಯೊಂದು ನೀರನ್ನು ಎರಡಾಗಿ ಸೀಳಿದ್ದರಿಂದ ದೇವಾಲಯ ಉಳಿಯಿತು. ಭಕ್ತರು ಅದನ್ನು ಭೀಮಶಿಲೆಯೆಂದು ಕರೆಯುತ್ತಾರೆ. ಹೋದವರು ಆ ಬಂಡೆಯ ಬಳಿ ನಿಂತು ಮೇಲಿನ ಕಣಿವೆಯನ್ನು ಒಮ್ಮೆ ನೋಡಬೇಕು. ನಾವು ಅಲ್ಲಿ ಎಷ್ಟು ಚಿಕ್ಕವರೆಂಬುದು ತಾನೇ ತಿಳಿಯುತ್ತದೆ.

ಈಗ ನನ್ನ ಮನೆಯದೇ ಒಂದು ಪ್ರಸಂಗ. 2019ರ ಮೇ ತಿಂಗಳ ಕೊನೆಯಲ್ಲಿ ಅವ್ವನನ್ನು ಕರೆದುಕೊಂಡು ಹೊರಟಿದ್ದೆವು. ಹತ್ತು ವರ್ಷಗಳಿಂದ ಅವರು ಕಾದಿದ್ದ ಯಾತ್ರೆ. ರಜೆ ಕಡಿಮೆಯೆಂದು ನಾನು ಎಲ್ಲಿಯೂ ಒಂದು ದಿನ ನಿಲ್ಲದೆ ಅವಸರಪಡಿಸಿದೆ. ಭೀಮಬಲಿಯ ಹತ್ತಿರ ಅವರಿಗೆ ತಲೆನೋವು, ವಾಕರಿಕೆ. ಕುಳಿತರೂ ಏದುಸಿರು ನಿಲ್ಲಲಿಲ್ಲ. ಡೋಲಿಯಲ್ಲಾದರೂ ಮೇಲಕ್ಕೊಯ್ಯೋಣವೆಂದು ನನ್ನ ಹಟ. ಅವ್ವ ಕೈಯೆತ್ತಿ ತಡೆದರು. "ಬ್ಯಾಡ ತಮ್ಮಾ, ನಾ ಇನ್ನ ಮ್ಯಾಲ ಬರೂದಿಲ್ಲ. ಅಂವ ಅಲ್ಲಿ ಅಷ್ಟ ಅದಾನೇನು?" ಎಂದವರೇ ಅಲ್ಲಿಯ ನೀರಿನಿಂದ ಕೈ ತೊಳೆದು, ಕರಡಿಗೆ ಬಿಚ್ಚಿ, ಬಂಡೆಯೊಂದರ ಮೇಲೆ ಕುಳಿತು ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡರು. ನಾವು ಅಂದೇ ಕೆಳಗಿಳಿದೆವು. ಗೌರೀಕುಂಡ ತಲುಪುವ ಹೊತ್ತಿಗೆ ಅವರ ಉಸಿರು ಹದಕ್ಕೆ ಬಂದಿತ್ತು. ಮರುದಿನ, ಚಳಿಗಾಲದ ಆರು ತಿಂಗಳು ಕೇದಾರನ ಪೂಜೆ ನಡೆಯುವ ಊಖೀಮಠದ ಓಂಕಾರೇಶ್ವರನನ್ನು ಕಂಡೆವು. ಅಂಗಳದಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದಾಗ ಅವ್ವನ ಮುಖ ಅರಳಿತು. ಅವಸರದ ತಪ್ಪು ನನ್ನದು. ಅದನ್ನು ತಿದ್ದಿದವರು ಅವರು.

ಆದುದರಿಂದ ಹೊರಡುವ ಬಂಧುಗಳಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಕೇದಾರದಲ್ಲಿ ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಹೃದಯದ ತೊಂದರೆ, ರಕ್ತದೊತ್ತಡವಿರುವ ಹಿರಿಯರು ವೈದ್ಯರನ್ನು ಕಂಡೇ ಹೊರಡಬೇಕು. ಗುಪ್ತಕಾಶಿಯಲ್ಲೋ ಸೋನ್‌ಪ್ರಯಾಗದಲ್ಲೋ ಒಂದೆರಡು ರಾತ್ರಿ ತಂಗಿ, ದೇಹವನ್ನು ಎತ್ತರಕ್ಕೆ ಒಗ್ಗಿಸಿಕೊಳ್ಳಬೇಕು. ತಲೆನೋವಿನೊಂದಿಗೆ ವಾಂತಿ, ತೂರಾಡುವ ನಡೆ, ಕುಳಿತಲ್ಲೇ ಏದುಸಿರು ಕಂಡರೆ ಮೇಲೇರದೆ ಕೂಡಲೇ ಇಳಿಯಬೇಕು. ಸರ್ಕಾರದ ಯಾತ್ರಾ ನೋಂದಣಿ ಕಡ್ಡಾಯ. ಜುಲೈ, ಆಗಸ್ಟ್ ತಿಂಗಳ ಮಳೆಯಲ್ಲಿ ಗುಡ್ಡ ಕುಸಿಯುವ ಭಯವಿರುವುದರಿಂದ ಆ ಕಾಲವನ್ನು ಬಿಡುವುದು ಲೇಸು. ಶಕ್ತಿಯುಳ್ಳ ತರುಣರು ಸೆಪ್ಟೆಂಬರ್ ಕೊನೆಯ ತಿಳಿ ದಿನಗಳಲ್ಲಿ, ದಾರಿ ಬಲ್ಲವರೊಡನೆ, 4,135 ಮೀಟರ್ ಎತ್ತರದ ವಾಸುಕಿತಾಲದವರೆಗೂ ಹೋಗಬಹುದು. ಮನೆಮಂದಿಗೆ ಭೈರವನಾಥನ ದಿಬ್ಬವೇ ಸಾಕು. ಅಲ್ಲಿಂದ ದೇವಾಲಯ, ಹಿಮಶಿಖರ, ಇಡೀ ಕಣಿವೆ ಒಂದೇ ನೋಟಕ್ಕೆ ಸಿಗುತ್ತವೆ.

ಇನ್ನೊಂದು ಮಾತು. ಚೋರಾಬಾರಿ ಹಿಮನದಿಯ ಮೂತಿ ವರುಷ ವರುಷಕ್ಕೂ ಹಿಂದೆ ಸರಿಯುತ್ತಿದೆ. ನಾವು ಎಸೆದು ಬರುವ ಪ್ಲಾಸ್ಟಿಕ್ ಬಾಟಲಿ, ಚೀಲಗಳು ಮಂದಾಕಿನಿಯ ತವರುಮನೆಯನ್ನೇ ಕೆಡಿಸುತ್ತವೆ. ಒಯ್ದ ಕಸವನ್ನು ಒಯ್ದ ಚೀಲದಲ್ಲಿಯೇ ಮರಳಿ ತನ್ನಿರಿ. ಹೇಸರಗತ್ತೆಯ ಮೇಲೆ ಅದರ ಶಕ್ತಿಗೆ ಮೀರಿದ ಭಾರ ಹೇರಿಸಬೇಡಿರಿ. ದಯೆಯೇ ಧರ್ಮದ ಮೂಲವೆಂದು ನಂಬಿದ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ.

ನಿಮ್ಮ ಯಾತ್ರೆ ಸುಖಕರವಾಗಲಿ. ಗುಡಿಯವರೆಗೆ ತಲುಪಿದರೆ ಸಂತೋಷ; ಅರ್ಧ ದಾರಿಯಿಂದ ಮರಳಿದರೂ ಅದು ಸೋಲಲ್ಲ.