ಯಂತ್ರಕ್ಕೂ ಜಾತಿ ಇದೆ

2017ರ ಜೂನ್‌ನಿಂದ ಜರಗನಹಳ್ಳಿಯ ಜನರ ತಲೆ ಮೇಲೆ ಮೆಟ್ರೊ ರೈಲು ಓಡುತ್ತಿದೆ. ಕನಕಪುರ ರಸ್ತೆಯಲ್ಲಿ ನಿಂತು ಮೇಲೆ ನೋಡಿದರೆ ಅದು ಪ್ರಗತಿ. ಕಾಲ ಕೆಳಗೆ ನೋಡಿದರೆ ಮ್ಯಾನ್‌ಹೋಲ್ ಮುಚ್ಚಳ. ಹೆಸರಲ್ಲೇ ಮನುಷ್ಯ ಇದ್ದಾನೆ. ಯಾವ ಮನುಷ್ಯ? ಯಾವ ಜಾತಿಯವನು? ಅದನ್ನ ಇಂಜಿನಿಯರಿಂಗ್ ಪುಸ್ತಕ ಹೇಳೋದಿಲ್ಲ.

ಜಯನಗರ, ಬನಶಂಕರಿ ಕಡೆಯ ಕಾಲೇಜುಗಳಲ್ಲಿ ನಮ್ಮ ಕೇರಿಯ ಮಕ್ಕಳೂ ಈಗ ತಂತ್ರಜ್ಞಾನ ಓದುತ್ತಿದ್ದಾರೆ. ಅವ್ವ ಬೀದಿ ಗುಡಿಸಿ ಓದಿಸಿದ ಮಕ್ಕಳು. ಯಂತ್ರ ಹೇಗೆ ಓಡುತ್ತೆ ಅಂತ ಅವರಿಗೆ ಕಲಿಸುತ್ತಾರೆ. ಯಾರ ಬೆನ್ನ ಮೇಲೆ ಓಡುತ್ತೆ ಅಂತ ಕೇಳಿದರೆ, ಅದು ಸಿಲಬಸ್‌ನಲ್ಲಿಲ್ಲ. ಆ ಸಿಲಬಸ್ ಬರೆದವರು ಯಾರು ಸ್ವಾಮಿ? ನಾವು ಯಂತ್ರ ಬೇಡ ಅನ್ನೋರಲ್ಲ. ರಾಟೆಗೆ ಮರಳಿ ಎಂಬ ಉಪದೇಶ ಹೊಟ್ಟೆ ತುಂಬಿದವರಿಗಿರಲಿ.

ಕೋಲಾರದ ಚಿನ್ನದ ಗಣಿಯನ್ನೇ ನೋಡಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯಲ್ಲಿ ಹರಿದು ಮೊದಲು ಹೋದದ್ದು ಅಲ್ಲಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಭೂಮಿಯೊಳಗೆ 3 ಕಿಲೋಮೀಟರ್ ಆಳಕ್ಕೆ ಇಳಿಯುವ ತಂತ್ರ ಆ ಗಣಿಗೆ ಗೊತ್ತಿತ್ತು. ಅದೇ ಗಣಿಯ ಕಾಲೊನಿಯಲ್ಲಿ ಒಣ ಕಕ್ಕಸಿನ ಮಲ ಎತ್ತೋದಕ್ಕೆ ಮಾತ್ರ ತಂತ್ರ ಸಿಗಲಿಲ್ಲ, ದಲಿತರ ಕೈ ಸಿಕ್ಕಿತು. 1990ರ ದಶಕದವರೆಗೂ! ತಲೆ ಮೇಲೆ ಮಲ ಹೊರುವುದನ್ನು ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಷೇಧಿಸಿದ್ದರು. ಕೊರತೆ ಇದ್ದದ್ದು ವಿಜ್ಞಾನಕ್ಕಲ್ಲ.

ಆ ಗಣಿಯೂರಿನಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಕಕ್ಕಸುಗಳ ಫೋಟೊ ತೆಗೆದು ಸರ್ಕಾರಕ್ಕೆ ಕಳಿಸಿದರು. ಕ್ಯಾಮೆರಾನೂ ಯಂತ್ರವೇ; ಯಾರ ಕೈಲಿದೆ ಅನ್ನೋದು ಲೆಕ್ಕ. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು, 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1993ರ ಕಾನೂನಿನ ಕಣ್ಣು ಒಣ ಕಕ್ಕಸಿನ ಮೇಲಷ್ಟೇ ಇತ್ತು. 2013ರ ಕಾನೂನಿಗೆ ಒಳಚರಂಡಿಯೂ ಕಂಡಿತು, ಸೆಪ್ಟಿಕ್ ಟ್ಯಾಂಕೂ ಕಂಡಿತು. ಕೇಳಿದ್ದಕ್ಕೆ ಕಂಡಿತು. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಕೋರ್ಟು ಹೇಳಿತು, 2023ರಲ್ಲಿ 30 ಲಕ್ಷ ಅಂದಿತು. ಬೆಲೆ ಏರಿತು, ಸಾವು ನಿಲ್ಲಲಿಲ್ಲ.

ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದರೆ ಮೂಗನ್ನೇ ಕೊಲ್ಲುತ್ತದೆ, ವಾಸನೆಯೇ ತಿಳಿಯುವುದಿಲ್ಲ. ಇದನ್ನು ಓದಿದವನು ಇಳಿಯೋದಿಲ್ಲ. ಇಳಿಯುವವನಿಗೆ ಯಾರೂ ಹೇಳೋದಿಲ್ಲ.

ಮೆಟ್ರೊ ಬಂದ ಅದೇ 2017ರಲ್ಲಿ, ಆಗ ಇದ್ದ ಬೆಂಗಳೂರು ಮಹಾನಗರ ಪಾಲಿಕೆ ಪೌರಕಾರ್ಮಿಕರ ಹಾಜರಿಗೆ ಬೆರಳಚ್ಚಿನ ಯಂತ್ರ ತಂದಿತು. ಗುತ್ತಿಗೆದಾರರು ಇಲ್ಲದವರ ಹೆಸರು ಬರೆದು ದುಡ್ಡು ನುಂಗುತ್ತಾರೆ ಅನ್ನೋದು ಕಾರಣ. ನುಂಗಿದವನು ಗುತ್ತಿಗೆದಾರ, ಬೆರಳೊತ್ತಿ ಪ್ರಾಮಾಣಿಕಳೆಂದು ತೋರಿಸಬೇಕಾದವಳು ಗುಡಿಸೋ ತಾಯಿ! ಪೊರಕೆ ಹಿಡಿದು ಸವೆದ ಬೆರಳು ಯಂತ್ರಕ್ಕೆ ಗುರುತು ಸಿಗದಿದ್ದರೆ ಅವಳ ಕೂಲಿ ಏನಾಗಬೇಕು? 2023ರ ಜನವರಿಯಿಂದ ಹಳ್ಳಿಯ ಉದ್ಯೋಗ ಖಾತ್ರಿ ಕೂಲಿಗಳನ್ನೂ ದಿನಕ್ಕೆರಡು ಸಲ ಮೊಬೈಲಿನ ಮುಂದೆ ನಿಲ್ಲಿಸಲಾಯಿತು. ದುಡಿಯುವವರನ್ನು ಕಾವಲು ಕಾಯುವ ಯಂತ್ರ ಗುಡ್ಡದ ಮೂಲೆಗೂ ಹೋಗುತ್ತೆ. ಅವರ ಉಸಿರು ಉಳಿಸುವ ಯಂತ್ರಕ್ಕೆ ಮಾತ್ರ ನಮ್ಮ ಗಲ್ಲಿ ಕಿರಿದಂತೆ.

ಹಳ್ಳಿ ಮೇಷ್ಟ್ರುಗಳೇ, ಶಿವನಸಮುದ್ರದ ಪಾಠ ಮಾಡುವಾಗ ಆ ತಂತಿ ಯಾವ ಕೇರಿಗಳಿಗೆ ದೀಪ ಕೊಡದೆ ದಾಟಿ ಹೋಯಿತು ಅಂತಲೂ ಮಕ್ಕಳಿಂದ ಕೇಳಿಸಿ. ಇಂಜಿನಿಯರಾಗುವ ತಮ್ಮಂದಿರೇ, ತಂಗಿಯರೇ, ಒಳಚರಂಡಿಯ ನಕ್ಷೆ ನಿಮ್ಮ ಮೇಜಿಗೂ ಬರುತ್ತೆ. ಅದು ಕಟ್ಟಿಕೊಂಡಾಗ ಬಿಡಿಸುವ ಯಂತ್ರ ಯಾವುದು, ಅದು ಜರಗನಹಳ್ಳಿಯ ಒಳಗಲ್ಲಿಗೆ ನುಗ್ಗುತ್ತಾ ಅಂತ ನಕ್ಷೆಯ ಮೇಲೇ ಬರೆಯಿರಿ. ಬರೆಯಲಾಗದಿದ್ದರೆ ಸಹಿ ಹಾಕಬೇಡಿ.